ಶ್ರವಣ ಪರೀಕ್ಷೆಗೂ ಮನೆಮಾತು ಬೇಕು

ಈಚೆಗೆ ನಮ್ಮ ಮನೆಯ ಹಿರಿಯರೊಬ್ಬರನ್ನು ಕಿವಿಯ ಪರೀಕ್ಷೆಗೆಂದು ಕರೆದೊಯ್ದಿದ್ದೆ. ಯಂತ್ರದ ಸಣ್ಣ ಸದ್ದುಗಳಿಗೆ ಅವರು ಸರಿಯಾಗಿಯೇ ಬೆರಳೆತ್ತಿದರು. ಅನಂತರ ಮಲಯಾಳದ ಪದಗಳನ್ನು ಕೇಳಿಸಿ, ಹಾಗೆಯೇ ಮರಳಿ ಹೇಳಿರೆಂದಾಗ ತಡವರಿಸಿದರು. ತಪ್ಪಿದ್ದು ಕಿವಿಯೋ, ಭಾಷೆಯೋ? ಚೀಟಿಯಲ್ಲಿ ಮಾತ್ರ ತಪ್ಪುಗಳೆಲ್ಲವೂ ಕಿವಿಯ ಲೆಕ್ಕಕ್ಕೇ ಸೇರಿದವು.

ಪರೀಕ್ಷಿಸಿದ ತರುಣಿಯನ್ನು ದೂರುವಂತಿಲ್ಲ. ಆಕೆ ಕಲಿತದ್ದನ್ನು ಮಾಡಿದಳು. ಪ್ರಶ್ನೆಯಿರುವುದು ಕಲಿಕೆಯ ಬಗ್ಗೆಯೇ.

ಎರಡನೆಯ ಮಹಾಯುದ್ಧದಲ್ಲಿ ಕಿವಿಗೆಟ್ಟು ಮರಳಿದ ಸೈನಿಕರ ಆರೈಕೆಯ ಮೂಲಕ ಅಮೆರಿಕದಲ್ಲಿ ಬೆಳೆದ ಶಾಸ್ತ್ರವಿದು. ಅಲ್ಲಿ ಇಂದು ಆಡಿಯಾಲಜಿಸ್ಟ್ ಆಗಬೇಕಾದರೆ ಪದವಿಯ ಬಳಿಕ ಸಾಮಾನ್ಯವಾಗಿ 4 ವರ್ಷಗಳ 'ಎ.ಯು.ಡಿ.' ಎಂಬ ಡಾಕ್ಟರೇಟ್ ಪಡೆಯಬೇಕು. ಇದು ಪ್ರಬಂಧ ಬರೆದು ಪಡೆಯುವ ಪಿ.ಎಚ್.ಡಿ.ಯಂತಲ್ಲ, ರೋಗಿಗಳ ನಡುವೆ ಪಳಗುವ ಶಿಕ್ಷಣ. ಕೊನೆಯ ವರ್ಷವಂತೂ ಹೆಚ್ಚಾಗಿ ಚಿಕಿತ್ಸಾಲಯದಲ್ಲೇ ಕಳೆಯುತ್ತದೆ. ನಮ್ಮಲ್ಲಿಯೂ 4 ವರ್ಷಗಳ ಪದವಿಯಲ್ಲಿ ಕೊನೆಯ ವರ್ಷ ಇಂಟರ್ನ್‌ಶಿಪ್. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಲ್ಲಿಯೂ, ತಿರುವನಂತಪುರದ 'ನಿಷ್' 1997ರಲ್ಲಿಯೂ ಸ್ಥಾಪನೆಗೊಂಡವು.

ಆದರೆ ಪದವಿ ಎಷ್ಟೇ ದೊಡ್ಡದಾಗಲಿ, ರೋಗಿಯ ಮಾತು ತಿಳಿಯದಿದ್ದರೆ ಪರೀಕ್ಷೆ ಅರ್ಧವೇ ಸರಿ. ಪರಿಚಿತ ಪದವನ್ನು ಅರ್ಧ ಕೇಳಿದರೂ ಮನಸ್ಸು ತುಂಬಿಕೊಳ್ಳುತ್ತದೆ. ಅಪರಿಚಿತ ಪದ ಪೂರ್ತಿ ಕೇಳಿದರೂ ನಾಲಗೆಗೆ ಬಾರದು. ಮಕ್ಕಳ ವಿಷಯದಲ್ಲಿ ಇದು ಇನ್ನೂ ಗಂಭೀರ. ಕೇರಳ ಸರಕಾರವು 2012ರಲ್ಲಿ ಆರಂಭಿಸಿದ 'ಶ್ರುತಿತರಂಗಂ' ಯೋಜನೆಯಿಂದ ಎಳೆಯರಿಗೆ ಕಾಕ್ಲಿಯರ್ ಇಂಪ್ಲಾಂಟ್ ದೊರೆಯುತ್ತಿರುವುದು ಸ್ತುತ್ಯರ್ಹ. ಆದರೆ ಶಸ್ತ್ರಚಿಕಿತ್ಸೆಯಿಂದ ಮಗುವಿಗೆ ಮಾತು ಬಂದುಬಿಡುವುದಿಲ್ಲ. ವರ್ಷಗಟ್ಟಲೆ ಮಾತಿನ ತರಬೇತಿ ಬೇಕು. ತರಬೇತಿ ಒಂದು ಭಾಷೆಯಲ್ಲಿ, ತಾಯಿಯ ಮಾತು ಇನ್ನೊಂದರಲ್ಲಿ ಆದರೆ ಮಗು ಯಾವುದನ್ನು ಹಿಡಿಯಬೇಕು?

1969ರ ಕೇರಳ ರಾಜಭಾಷಾ ಕಾಯಿದೆ ಸರಕಾರದೊಡನೆ ಕನ್ನಡದಲ್ಲಿ ಪತ್ರ ವ್ಯವಹರಿಸುವ ಹಕ್ಕನ್ನು ನಮಗೆ ಕೊಟ್ಟಿದೆ. ಅರ್ಜಿಗೆ ದೊರೆತ ಮನ್ನಣೆ ಕಿವಿಗೂ ದೊರೆಯಬೇಡವೇ? ಕನ್ನಡದ ಪರೀಕ್ಷಾ ಪದಪಟ್ಟಿಗಳು ಮೈಸೂರಿನಲ್ಲಿ ಸಿದ್ಧವಾಗಿವೆ. ಅವನ್ನು ಇಲ್ಲಿಗೆ ತರಿಸಬೇಕು. ಮಂಜೇಶ್ವರ, ಕಾಸರಗೋಡಿನ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲವರನ್ನು ನೇಮಿಸಬೇಕು. ತರಬೇತಿಯ ವಿದ್ಯಾರ್ಥಿಗಳನ್ನು ಕೆಲಕಾಲ ಈ ಗಡಿನಾಡಿಗೂ ಕಳುಹಿಸಬೇಕು.

ಹಾಗೆಂದು ಸರಕಾರವನ್ನಷ್ಟೇ ದೂರಿ ಕೂತರಾಗದು. ವಿಜ್ಞಾನ ಓದುವ ನಮ್ಮ ಮಕ್ಕಳಿಗೆ ಡಾಕ್ಟರ್, ಎಂಜಿನಿಯರ್ ಅಲ್ಲದೆ ಈ ದಾರಿಯೂ ಇದೆಯೆಂದು ಹೆತ್ತವರೂ ಅಧ್ಯಾಪಕರೂ ತಿಳಿಸಲಿ. ಎರಡೂ ಭಾಷೆ ಬಲ್ಲ ಗಡಿನಾಡಿನ ಮಗು ಈ ಕೆಲಸಕ್ಕೆ ಅರ್ಧ ತಯಾರಾಗಿಯೇ ಹುಟ್ಟಿದೆ.