ರೂಟರಿಗೂ ಬೇಕು ಗುರುತಿನ ಮುದ್ರೆ

ನಾಳೆ ಶಾಲೆಗೆ ರಜೆ ಎಂದು ತಿಳಿಸಲು ಹೆಡ್‌ಮಾಸ್ತರು ಐನೂರು ಮಕ್ಕಳಿಗೆ ಐನೂರು ಚೀಟಿ ಬರೆಯುವುದಿಲ್ಲ. ಒಂದೇ ನೋಟಿಸು ತರಗತಿಯಿಂದ ತರಗತಿಗೆ ಹೋಗುತ್ತದೆ. ಅವರ ಸಹಿ ಇದ್ದರೆ ಮಾತ್ರ ಮೇಷ್ಟರು ಅದನ್ನು ಓದಿ ಹೇಳುತ್ತಾರೆ. ಸಹಿ ನೋಡುವ ಪದ್ಧತಿ ಇಲ್ಲದಿದ್ದರೆ? ತುಂಟ ಹುಡುಗನೊಬ್ಬನ ಚೀಟಿಯೂ ಶಾಲೆಯನ್ನು ಖಾಲಿ ಮಾಡೀತು!

ಕಂಪ್ಯೂಟರ್ ಜಾಲದಲ್ಲೂ ಇಂಥದೇ ಏರ್ಪಾಡಿದೆ. ಟಿ.ವಿ. ಕಾರ್ಯಕ್ರಮವನ್ನೋ ಷೇರುಪೇಟೆಯ ದರಗಳನ್ನೋ ಸಾವಿರ ಮಂದಿಗೆ ಕಳಿಸಲು ಸಾವಿರ ಪ್ರತಿ ಬೇಕಿಲ್ಲ. ಹೊರಡುವುದು ಒಂದೇ ಪ್ರತಿ. ದಾರಿ ಕವಲೊಡೆಯುವ ಕಡೆ ರೂಟರ್ ಎಂಬ ಯಂತ್ರ ಅದನ್ನು ನಕಲು ಮಾಡಿ ಮುಂದೆ ಕಳಿಸುತ್ತದೆ. ಇದೇ ಮಲ್ಟಿಕಾಸ್ಟ್. ಇಂಟರ್‌ನೆಟ್ಟಿಗಾಗಿ ಇದರ ನಿಯಮಗಳನ್ನು ಸ್ಟೀವ್ ಡೀರಿಂಗ್ 1989ರಲ್ಲಿ ಪ್ರಕಟಿಸಿದರು.

ತನ್ನ ಜಾಲದಲ್ಲಿ ಯಾರು ಪ್ರಸಾರ ನಡೆಸುತ್ತಿದ್ದಾರೆ ಎಂಬ ಸುದ್ದಿಯನ್ನು ಒಂದು ರೂಟರ್ ನೆರೆಯ ಜಾಲದ ರೂಟರಿಗೆ ಮುಟ್ಟಿಸಬೇಕು. ಇದಕ್ಕಿರುವ ನಿಯಮಾವಳಿಯ ಹೆಸರು ಎಂಎಸ್‌ಡಿಪಿ. ನೆರೆಯವನ ಸೋಗು ಹಾಕಿ ಬೇರೊಬ್ಬನು ಸುಳ್ಳು ಸುದ್ದಿ ತುರುಕಿದರೆ, ಇಲ್ಲದ ಪ್ರಸಾರಗಳ ಪಟ್ಟಿಯಿಂದ ರೂಟರಿನ ನೆನಪು ತುಂಬಿಹೋಗುತ್ತದೆ.

ಇದನ್ನು ತಡೆಯುವುದು ಹೇಗೆ? ಎರಡೂ ರೂಟರುಗಳಲ್ಲಿ ಒಂದೇ ಗುಟ್ಟಿನ ಪದವನ್ನು ಮೊದಲೇ ಇಟ್ಟಿರುತ್ತಾರೆ. ಆ ಪದ ತಂತಿಯ ಮೇಲೆ ಎಂದೂ ಹೋಗದು. ಕಳಿಸುವ ರೂಟರ್ ಸಂದೇಶಕ್ಕೆ ಆ ಪದವನ್ನು ಸೇರಿಸಿ, ಎಂಡಿ5 ಎಂಬ ಲೆಕ್ಕ ಮಾಡಿ, ಬಂದ 16 ಬೈಟುಗಳ ಉತ್ತರವನ್ನು ಮುದ್ರೆಯಂತೆ ಅಂಟಿಸುತ್ತದೆ. ಪಡೆಯುವ ರೂಟರ್ ತಾನೂ ಅದೇ ಲೆಕ್ಕ ಮಾಡಿ ನೋಡುತ್ತದೆ. ಉತ್ತರ ತಾಳೆಯಾಗದಿದ್ದರೆ ಸಂದೇಶ ಕಸದ ಬುಟ್ಟಿಗೆ! ನೆನಪಿಡಿ, ಈ ಮುದ್ರೆ ಸಂದೇಶವನ್ನು ಮರೆಮಾಡುವುದಿಲ್ಲ. ಕಳಿಸಿದವರು ಯಾರು, ನಡುವೆ ತಿದ್ದಿದ್ದಾರೆಯೇ ಎಂಬುದನ್ನಷ್ಟೇ ತಿಳಿಸುತ್ತದೆ. ಎಂಡಿ5ರ ದೌರ್ಬಲ್ಯವನ್ನು ಚೀನಾದ ಗಣಿತಜ್ಞೆ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಇನ್ನೂ ಭದ್ರವಾದ ವಿಧಾನ 2010ರಲ್ಲಿ ಪ್ರಕಟವಾಯಿತು.

ಮುದ್ರೆಯಿದ್ದರೆ ಎಲ್ಲವೂ ಕ್ಷೇಮವೇ? ಇಲ್ಲ. 2001ರ ಜನವರಿಯಲ್ಲಿ ‘ರಾಮೆನ್’ ಎಂಬ ವರ್ಮ್ ಹೊಸ ಕಂಪ್ಯೂಟರುಗಳನ್ನು ಹುಡುಕುತ್ತ ಸಿಕ್ಕಸಿಕ್ಕ ವಿಳಾಸಗಳ ಬಾಗಿಲು ತಟ್ಟಿತು. ಅವುಗಳಲ್ಲಿ ಮಲ್ಟಿಕಾಸ್ಟ್ ವಿಳಾಸಗಳೂ ಇದ್ದವು. ರೂಟರುಗಳು ಪ್ರತಿಯೊಂದು ತಟ್ಟನ್ನೂ ಹೊಸ ಪ್ರಸಾರವೆಂದೇ ಭಾವಿಸಿ, ನೆರೆಯವರಿಗೆ ಪ್ರಾಮಾಣಿಕವಾಗಿ ಸುದ್ದಿ ಮುಟ್ಟಿಸಿದವು. ಸುದ್ದಿಯ ಮಹಾಪೂರದಲ್ಲಿ ಅನೇಕ ರೂಟರುಗಳು ತತ್ತರಿಸಿದವು. ಇಲ್ಲಿ ಸೋಗು ಹಾಕಿದವರು ಯಾರೂ ಇರಲಿಲ್ಲ; ನೆರೆಯವರೆಲ್ಲ ಅಸಲಿಯೇ!

ಆದ್ದರಿಂದಲೇ ಜಾಲ ನೋಡಿಕೊಳ್ಳುವವರು ಮುದ್ರೆಯ ಜತೆಗೆ, ಒಬ್ಬ ನೆರೆಯವನಿಂದ ಎಷ್ಟು ಸುದ್ದಿ ಸ್ವೀಕರಿಸಬಹುದು ಎಂಬ ಮಿತಿಯನ್ನೂ ಹಾಕುತ್ತಾರೆ. ಹೇಳಿದವರು ಪರಿಚಿತರು ಎಂದಮಾತ್ರಕ್ಕೆ ಹೇಳಿದ್ದೆಲ್ಲ ನಿಜವಾಗಬೇಕಿಲ್ಲವಲ್ಲ!