ಪಿಜ್ ಹಳ್ಳಿಯ ದೂರದರ್ಶನವೂ ನಮ್ಮ ಗಡಿಸೀಮೆಯೂ

ದೂರದರ್ಶನವೆಂದರೆ ದಿಲ್ಲಿ, ಮುಂಬಯಿ, ಬೆಂಗಳೂರಿನವರು ಮಾಡುವಂಥದು, ನೋಡುವುದಷ್ಟೇ ಹಳ್ಳಿಯವರ ಪಾಲಿನದು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಇದು ಸರಿಯಲ್ಲವೆಂಬುದಕ್ಕೆ ಗುಜರಾತಿನ ಖೇಡಾ ಜಿಲ್ಲೆಯ ಪಿಜ್ ಎಂಬ ಹಳ್ಳಿಯೇ ಸಾಕ್ಷಿ.

1975ರಲ್ಲಿ ಆ ಹಳ್ಳಿಯಲ್ಲಿ ಒಂದು ಕಿಲೋವಾಟ್ ಶಕ್ತಿಯ ಸಣ್ಣ ಪ್ರಸಾರಯಂತ್ರ ನಿಂತಿತು. ಅಹಮದಾಬಾದಿನಲ್ಲಿರುವ ಇಸ್ರೋದ ಬಾಹ್ಯಾಕಾಶ ಅನ್ವಯ ಕೇಂದ್ರದವರು ಅದಕ್ಕಾಗಿ ಕಾರ್ಯಕ್ರಮಗಳನ್ನು ಸಿದ್ಧಪಡಿಸಿದರು. ಖೇಡಾ ಎಂದರೆ ಅಮುಲ್ ಹಾಲಿನ ಸೀಮೆ. ಸುತ್ತಲಿನ ಹಳ್ಳಿಗಳ ಹಾಲಿನ ಸೊಸೈಟಿಯಂಥ ಸಾರ್ವಜನಿಕ ಜಾಗಗಳಲ್ಲಿ ಟಿ.ವಿ. ಪೆಟ್ಟಿಗೆಗಳನ್ನು ಇಟ್ಟರು. ಸಂಜೆಯಾದರೆ ಊರೇ ಅಲ್ಲಿ ಸೇರುತ್ತಿತ್ತು.

ಯಂತ್ರಕ್ಕಿಂತ ಅವರ ಕೆಲಸದ ರೀತಿ ನಮಗೆ ಮೆಚ್ಚಿಗೆಯಾಗುತ್ತದೆ. ಕಾರ್ಯಕ್ರಮ ಮಾಡುವ ಮೊದಲು ಹಳ್ಳಿಗೆ ಹೋಗಿ ಜನರ ಕಷ್ಟವೇನೆಂದು ಕೇಳುವರು, ತೋರಿಸಿದ ಮೇಲೆ ಮತ್ತೆ ಹೋಗಿ ಅದು ನಾಟಿತೋ ಇಲ್ಲವೋ ವಿಚಾರಿಸುವರು. ಕೂಲಿಯ ಪ್ರಶ್ನೆ, ಕುಡಿತ, ಅಸ್ಪೃಶ್ಯತೆ ಇವೆಲ್ಲ ನಾಟಕಗಳಾಗಿ ಬಂದವು. ಹಳ್ಳಿಗರೇ ಅವುಗಳಲ್ಲಿ ಪಾಲುಗೊಂಡರು. ಜಾಹೀರಾತಿನ ಹಂಗು ಇರಲಿಲ್ಲ. 1984ರಲ್ಲಿ ಯುನೆಸ್ಕೋ ಈ ಯೋಜನೆಗೆ ಗ್ರಾಮೀಣ ಸಂಪರ್ಕದ ಪ್ರಶಸ್ತಿ ಕೊಟ್ಟಿತು. ಮರುವರ್ಷ, 1985ರಲ್ಲಿ, ಯೋಜನೆಯೇ ಮುಗಿಯಿತು! ಬಹುಮಾನ ಬಂದುದನ್ನು ಉಳಿಸಿಕೊಳ್ಳುವ ಬುದ್ಧಿ ನಮ್ಮ ದೇಶಕ್ಕೆ ಕಡಿಮೆಯೆಂದೇ ನಾವು ಹೇಳುತ್ತೇವೆ.

ಅದೇ ಕಾಲದಲ್ಲಿ ನಮ್ಮ ಮಗ್ಗುಲಿಗೂ ದೂರದರ್ಶನ ಬಂದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೇರಿಕೆಯಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿತು. ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಪ್ರಸಾರ. ಆದರೆ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರವಿರಲಿಲ್ಲ. ಅದೇ ಜೋಳ, ಅದೇ ತೊಗರಿ, ಅದೇ ಮಾತು. ಆದರೂ ಅಕ್ಕಲಕೋಟೆ, ಜತ್ತ ಸೀಮೆಯ ಹಳ್ಳಿಗಳು ಪಟ್ಟಿಯ ಹೊರಗೇ ಉಳಿದವು. 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಪ್ರಾರಂಭವಾಯಿತು. ಬೆಂಗಳೂರಿಗೆ ಕೇಂದ್ರ ಬಂದದ್ದು ಅದಕ್ಕೂ ಈಚೆಗೆ, 1981ರಲ್ಲಿ.

ಈಗ ಕೈಕೈಗೆ ಮೊಬೈಲ್ ಬಂದಿರುವಾಗ ಈ ಹಳೆಯ ಪುರಾಣವೇಕೆ ಎಂದು ಪಾಲಕರು ಕೇಳಬಹುದು. ಮಾತು ನಿಜ. ದೂರದರ್ಶನದ ಹಳೆಯ ಸಣ್ಣ ಪ್ರಸಾರಯಂತ್ರಗಳನ್ನೂ ಈಚಿನ ವರ್ಷಗಳಲ್ಲಿ ಒಂದೊಂದಾಗಿ ನಿಲ್ಲಿಸಿಬಿಟ್ಟಿದ್ದಾರೆ. ಆದರೆ ಮೊಬೈಲಿನಲ್ಲಿ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ನೋಡುತ್ತಾರೆ. ಪಿಜ್‌ನ ಪ್ರಸಾರವನ್ನು ಹೊಲದ ಒಡೆಯನೂ ಕೂಲಿಯವನೂ ಒಂದೇ ಅಂಗಳದಲ್ಲಿ ಕುಳಿತು ನೋಡಬಹುದಿತ್ತು. ಕೂಲಿಯ ನಾಟಕ ಮುಗಿದ ಮೇಲೆ ಮಾತು ಅಲ್ಲಿಯೇ ಹುಟ್ಟಬಹುದಿತ್ತು. ಇನ್ನು ನಮ್ಮ ಮಕ್ಕಳ ಮೊಬೈಲಿನಲ್ಲಿ ಕನ್ನಡವಿದೆ, ಮರಾಠಿಯಿದೆ, ಹಿಂದಿಯಿದೆ, ನಮ್ಮೂರಿಲ್ಲ. ಬೆಂಗಳೂರಿನ ವಾಹಿನಿಗೆ ನಾವು ಪರರಾಜ್ಯದವರು, ಮುಂಬಯಿಯದಕ್ಕೆ ಪರಭಾಷೆಯವರು. ಅಜ್ಜಿ ಆಡುವ ಮಾತು ಪರದೆಯ ಮೇಲೆ ಬಂದರೆ ಹಾಸ್ಯಕ್ಕಾಗಿಯೇ ಬರುತ್ತದೆ. ಅದನ್ನು ಕಂಡ ಮಗು ಅಜ್ಜಿಯ ಮಾತಿಗೆ ನಾಚತೊಡಗಿದರೆ ತಪ್ಪು ಮಗುವಿನದಲ್ಲ.

ಸರಕಾರ ನಮಗೊಂದು ಪ್ರಸಾರ ಕೇಂದ್ರ ಕೊಡುವವರೆಗೆ ಕಾಯಬೇಕೆಂದು ನಾವು ಹೇಳುವುದಿಲ್ಲ. ಪಿಜ್‌ನವರ ರೀತಿಯನ್ನು ಶಾಲೆಯೇ ಅನುಸರಿಸಬಹುದು. ಎಂಟು, ಒಂಬತ್ತನೆಯ ಇಯತ್ತೆಯ ಮಕ್ಕಳು ತಿಂಗಳಿಗೊಮ್ಮೆ ಒಂದು ವಿಷಯ ಆರಿಸಲಿ. ಬಾವಿಯ ನೀರಿರಬಹುದು, ತೊಗರಿಯ ಧಾರಣೆ ಇರಬಹುದು, ಹತ್ತನೆಯ ಇಯತ್ತೆ ಮುಗಿದ ಮೇಲೆ ಕನ್ನಡದ ಹುಡುಗಿ ಎಲ್ಲಿ ಓದಬೇಕೆಂಬ ಪ್ರಶ್ನೆಯೂ ಇರಬಹುದು. ಮನೆಮನೆಗೆ ಹೋಗಿ ಕೇಳಿ, ಚಿತ್ರ ತೆಗೆದು, ಹತ್ತು ನಿಮಿಷಕ್ಕೆ ಹೊಂದಿಸಲಿ. ಶಾಲೆಯ ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ ತೋರಿಸೋಣ. ಪಾಲಕರು ಅಂದು ಸಂಜೆ ಏಳಕ್ಕೆ ಊಟ ಮುಗಿಸಿ ಬರಲಿ. ತಾಯಂದಿರಿಗೆ ಮುಂದಿನ ಸಾಲಿನಲ್ಲಿ ಚಾಪೆ ಹಾಸಿರುತ್ತೇವೆ.