ಮುತ್ತಾತ ಯಾವ ಪಾಳೆಯದಲ್ಲಿದ್ದ?

ಚಿತ್ರದುರ್ಗದಲ್ಲಿ ಯಾವ ಜಯಂತಿಯ ವೇದಿಕೆಯಾದರೂ ಸರಿ, ಭಾಷಣಕಾರರ ಬಾಯಲ್ಲಿ ಒಂದು ಮಾತು ಕಾಯಂ. "ನಮ್ಮ ಮೈಯಲ್ಲಿ ಹರಿಯೋದು ಏಳುಸುತ್ತಿನ ಕೋಟೆ ಕಟ್ಟಿದವರ ರಕ್ತ!" ಚಪ್ಪಾಳೆ ಬೀಳುತ್ತದೆ. ಕೆಳಗೆ ಕೂತ ಹುಡುಗರ ಎದೆ ಉಬ್ಬುತ್ತದೆ. ಉಬ್ಬಲಿ. ಆದರೆ ಸ್ವಲ್ಪ ಲೆಕ್ಕವನ್ನೂ ಹಾಕಬೇಡವೇ?

ಒಬ್ಬನಿಗೆ ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹೀಗೇ ಹತ್ತು ತಲೆಮಾರು ಹಿಂದಕ್ಕೆ ಹೋದರೆ ಆ ಒಂದೇ ತಲೆಮಾರಿನಲ್ಲಿ 1,024 ಜನ ಬರಬೇಕು. (ಸೋದರಮಾವನ ಮಗಳನ್ನೇ ತರುವ ಸೀಮೆ ಇದು, ಸಂಖ್ಯೆ ಒಂದಿಷ್ಟು ಇಳಿದೀತು.) ಅವರಲ್ಲಿ ಕೋಟೆ ಕಾದವರೆಷ್ಟು, ಕಲ್ಲು ಹೊತ್ತವರೆಷ್ಟು, ಅದೇ ಕೋಟೆಗೆ ಏಣಿ ಹಾಕಿದವರೆಷ್ಟು? ವೇದಿಕೆಗೆ ಬರುವವನು ಮಾತ್ರ ಒಬ್ಬನೇ, ಅವನೂ ಕುದುರೆ ಮೇಲೆ!

1779ರಲ್ಲಿ ಹೈದರಾಲಿ ಕೋಟೆ ಹಿಡಿದ. ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಒಯ್ದ. ಅಷ್ಟಕ್ಕೇ ಬಿಡಲಿಲ್ಲ. ಇಲ್ಲಿನ ಸುಮಾರು 20,000 ಜನರನ್ನೂ ಅಲ್ಲಿಗೆ ಸಾಗಿಸಿದನೆಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಅವರ ಪೈಕಿ ಹುಡುಗರನ್ನು ಮತಾಂತರಿಸಿ 'ಚೇಲಾ' ಎಂಬ ಪಟಾಲಂ ಕಟ್ಟಿದ. ಅಂದರೆ ಕೋಟೆ ಕಾದವನ ಮಗನೇ ಹೈದರನ ಸಿಪಾಯಿಯಾದ. ಆ ಹುಡುಗನಿಗೂ ಮಕ್ಕಳು ಮೊಮ್ಮಕ್ಕಳು ಆಗಿರಬೇಕಲ್ಲ. ಇವತ್ತು ವೇದಿಕೆ ಮೇಲಿಂದ 'ಅವರು' ಅಂತ ತೋರಿಸುವ ಬೆರಳು ಸ್ವಂತ ದಾಯಾದಿಯ ಕಡೆಗೇ ಇದ್ದರೂ ಇರಬಹುದು. ರಕ್ತದ ಮಾತಾಡುವವರು ಈ ರಕ್ತವನ್ನು ಯಾವ ಖಾತೆಗೆ ಬರೆದುಕೊಳ್ಳುತ್ತಾರೆ?

ಓಬವ್ವನ ವಿಷಯ ಸ್ವಲ್ಪ ಬೇರೆ. ಆಕೆ ಕಾವಲುಗಾರನ ಹೆಂಡತಿ. ಗಂಡ ಊಟಕ್ಕೆ ಕೂತಿದ್ದಾಗ ಕಿಂಡಿಯಲ್ಲಿ ನುಸುಳಿದವರ ತಲೆಗೆ ಒನಕೆ ಬೀಸಿದಳೆಂದು ಊರು ನಂಬಿದೆ. ಹೆಸರು ಉಳಿದದ್ದು ಒನಕೆಯಿಂದ, ವಂಶದಿಂದಲ್ಲ. ಆದರೂ ತಲತಲಾಂತರ ತುಳಿಸಿಕೊಂಡವರು "ಈಕೆ ನಮ್ಮವಳು" ಎಂದು ತಲೆ ಎತ್ತಿದರೆ ಅದನ್ನು ಜಂಬ ಅನ್ನಲಾಗದು. ಬಗ್ಗಿಸಿ ಇಟ್ಟಿದ್ದ ತಲೆ ಅದು. ಮೊದಲಿಂದಲೂ ಎತ್ತಿದ್ದ ತಲೆ ಇನ್ನಷ್ಟು ಎತ್ತರಕ್ಕೆ ಹೋಗುವುದೇ ಬೇರೆ ಸಂಗತಿ.

ಊರ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಬಂಡೆಶಾಸನವಿದೆ. 4ನೇ ಶತಮಾನದ್ದು. ಕನ್ನಡದ ಮೊದಲ ರಾಜಮನೆತನ ಎಂದು ಹೊಗಳಿಸಿಕೊಳ್ಳುವವನ ಶಾಸನ, ಆದರೆ ಭಾಷೆ ಪ್ರಾಕೃತ! ಅದರಲ್ಲಿರುವುದು ಕೆರೆ ಮಾಡಿಸಿದ ಸಮಾಚಾರ. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ, ಕೆಳಗೆ ಸಿಹಿನೀರು ಹೊಂಡ, ಸಂತೆಹೊಂಡ. ಮೇಲೆ ಬಿದ್ದ ಮಳೆ ಒಂದನ್ನು ತುಂಬಿ ಇನ್ನೊಂದಕ್ಕೆ ಇಳಿಯುವ ಹಾಗೆ ಹಿರಿಯರು ಮಾಡಿಟ್ಟರು. ಅದೇ ಹಿರಿಯರ ವಾರಸುದಾರರು ಈಗ ಹೊಂಡದ ದಡದಲ್ಲಿ ನಿಂತು ಪ್ಲಾಸ್ಟಿಕ್ ಬಾಟಲಿ ಎಸೆಯುತ್ತಾರೆ.

ಕಟ್ಟಿದವರ ರಕ್ತ ನಿಜಕ್ಕೂ ಹರಿಯುತ್ತಿದ್ದರೆ, ಮುಂದಿನ ಜಯಂತಿಯ ಮಾರನೇ ದಿನ ಭಾಷಣಕಾರರು ನಾಲ್ಕು ಜನ ಹುಡುಗರನ್ನು ಕರೆದುಕೊಂಡು ಗುದ್ದಲಿ, ಪುಟ್ಟಿ ಸಮೇತ ಸಂತೆಹೊಂಡದ ಹತ್ತಿರ ಬರಲಿ. ಫ್ಲೆಕ್ಸ್ ಕಟ್ಟಿದ ಗಳುಗಳನ್ನೂ ತರಲಿ. ಕಸ ಎಳೆಯುವುದಕ್ಕೆ ಆದಾವು.